ಡ್ರಮ್ಮಿನ ತಳದ ಮಾಲು

ನಿವೃತ್ತನಾದ ಮೇಲೆ ನನ್ನನ್ನು ಎರಡು ಸಲ ಇಲ್ಲಿ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಭಾಷಣಕ್ಕೆ ಕರೆದಿದ್ದರು. ಎರಡೂ ಸಲ ಶ್ರದ್ಧೆ, ಶಿಸ್ತು, ಗುಣಮಟ್ಟ ಎಂದೆಲ್ಲ ಒಳ್ಳೊಳ್ಳೆ ಮಾತಾಡಿ, ಶಾಲು ಹೊದ್ದು, ಕಾಫಿ ಕುಡಿದು ಎಂ.ಸಿ.ಸಿ. ಬಡಾವಣೆಯ ಮನೆಗೆ ಬಂದೆ. ಹೇಳಲೇಬೇಕಾಗಿದ್ದ ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗಾಗಿ ಅದನ್ನು ಬರೆಯಲು ಕೂತಿದ್ದೇನೆ. ಎದುರಿಗೆ ಚಪ್ಪಾಳೆ ತಟ್ಟುವವರು ಇಲ್ಲದಿದ್ದರೆ ನನ್ನಂಥವನಿಗೆ ನಿಜ ಹೇಳುವುದು ಸ್ವಲ್ಪ ಸುಲಭ.

ಹರಿಹರದ ಒಂದು ಕಾರ್ಖಾನೆಯಲ್ಲಿ ನಾನಿದ್ದೆ. ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು, ಸಂಜೆ ವಾಪಸ್ಸು. ನಾವು ಮಾಡುತ್ತಿದ್ದದ್ದು ಇನ್ಸುಲೇಟರ್. ದೊಡ್ಡ ವಿದ್ಯುತ್ ಗೋಪುರಗಳ ತೋಳಿಗೆ ತಟ್ಟೆಯ ಕೆಳಗೆ ತಟ್ಟೆ ಪೋಣಿಸಿದ ಸರ ತೂಗುತ್ತಿರುವುದನ್ನು ನೀವು ನೋಡಿರುತ್ತೀರಿ. ಅದರ ತುದಿಗೆ ತಂತಿ ಇರುತ್ತದೆ. ತಂತಿಯ ಕರೆಂಟು ಗೋಪುರಕ್ಕೆ ಇಳಿಯದಂತೆ ತಡೆಯುವುದು ಆ ತಟ್ಟೆಗಳ ಕೆಲಸ. ಆ ತಟ್ಟೆಗಳು ನೆಟ್ಟಗಿವೆಯೋ ಇಲ್ಲವೋ ಎಂದು ನೋಡುವುದು ಪರೀಕ್ಷಾ ವಿಭಾಗದ, ಅಂದರೆ ನನ್ನ ಕೆಲಸ.

ಸೇರಿದ ಹೊಸದರಲ್ಲಿ ಎಲ್ಲವೂ ಪಿಂಗಾಣಿ. ನನ್ನ ಮೊದಲ ಮೇಲಧಿಕಾರಿ ಗುರುಪಾದಯ್ಯನವರು ಕೈಯಲ್ಲಿ ಒಂದು ಮರದ ಸುತ್ತಿಗೆ ಹಿಡಿದು ಪ್ರತಿ ತಟ್ಟೆಯನ್ನೂ ಟಣ್ಣೆಂದು ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಒಳಗೆ ಬಿರುಕಿದ್ದರೆ ದನಿ ಒಡೆಯುತ್ತದೆ. ವಾರಕ್ಕೊಂದು ದಿನ, ಎಲ್ಲ ಪರೀಕ್ಷೆಯಲ್ಲೂ ಪಾಸಾದ ಒಂದು ಪೀಸನ್ನು ಹುಡುಕಿ ತಂದು ಒಡೆದು ಒಳಗೆ ನೋಡುತ್ತಿದ್ದರು. ಕಾರ್ಖಾನೆಯ ಸಾಹುಕಾರರಿಗೆ ಇದು ಕಣ್ಣೆದುರಿಗೇ ಮಾಲು ಹಾಳು ಮಾಡಿದಂತೆ. ಎಷ್ಟು ಬೈದರೂ ಇವರು ಬಿಡಲಿಲ್ಲ. ಒಮ್ಮೆ ನಾನು ಅವಸರದಲ್ಲಿ ಒಂದು ಲಾಟನ್ನು, ಎಂದರೆ ಒಟ್ಟಿಗೆ ತಯಾರಾದ ಮಾಲನ್ನು, ನೋಡದೆಯೇ ಸಹಿ ಹಾಕಲು ಹೋದಾಗ ಪೆನ್ನು ಕಿತ್ತುಕೊಂಡರು.

"ಪಾಸ್ ಮಾಡಾಕ ನೀನು ಯಾಕ ಬೇಕಪ್ಪ? ಅದಕ್ಕೊಂದು ರಬ್ಬರ್ ಸ್ಟಾಂಪು ಸಾಕು. ಎಲ್ಲಿ ಫೇಲಾಗ್ತೈತೆ ಅಂತ ಹುಡುಕಾಕ ಸಂಬಳ ಕೊಡ್ತಾರೆ ನಿನಗೆ," ಎಂದರು.

ಅವರ ಎದುರಿಗೆ ತಲೆಯಾಡಿಸಿದೆ. ಅವರು ನಿವೃತ್ತರಾಗಿ ಹೋದ ವರ್ಷವೇ ಒಡೆದು ನೋಡುವ ಪದ್ಧತಿ ನಿಂತಿತು. ನಾನೂ ಸುಮ್ಮನಿದ್ದೆ.

ಪಿಂಗಾಣಿಗೆ ನಮ್ಮ ಕಡೆ ಇದ್ದ ದೊಡ್ಡ ಶತ್ರು ಮಸಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ, ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ, ಎಲ್ಲ ಹಾರಿ ಬಂದು ತಟ್ಟೆಗಳ ಮೇಲೆ ಕೂರುತ್ತವೆ. ಒಣಗಿದ್ದಾಗ ತೊಂದರೆಯಿಲ್ಲ. ಚಳಿಗಾಲದ ಮುಂಜಾನೆ ಇಬ್ಬನಿ ಬಿದ್ದು ಮಸಿ ಒದ್ದೆಯಾದಾಗ ಕರೆಂಟು ಅದರ ಮೇಲೇ ದಾರಿ ಮಾಡಿಕೊಂಡು ಚಟಚಟ ಎನ್ನುತ್ತ ಗೋಪುರಕ್ಕೆ ಹಾರುತ್ತದೆ, ಲೈನು ಬೀಳುತ್ತದೆ, ಎಂದರೆ ಆ ತಂತಿಯಲ್ಲಿ ಕರೆಂಟು ನಿಂತುಹೋಗುತ್ತದೆ. ಅಂಥ ಮಸಿ ಹಿಡಿದ ಒಂದಿಷ್ಟು ತಟ್ಟೆಗಳನ್ನು ತೊಳೆದು ಪರೀಕ್ಷೆ ಮಾಡಿ ವರದಿ ಕೊಡಲು ಒಮ್ಮೆ ನನಗೆ ಹೇಳಿದ್ದರು. ಯಾವ ಸೋಪಿಗೂ ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದದ್ದು ನೆನಪಾಯಿತು. ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋಗಿ ತಿಕ್ಕಿದೆ. ಕನ್ನಡಿ ಹೊಳೆದ ಹಾಗೆ ಹೊಳೆದವು. ಹೆಮ್ಮೆಯಿಂದ ಮಂಜಿನ ಕೋಣೆಗೆ, ಎಂದರೆ ಕೃತಕ ಇಬ್ಬನಿ ಬಿಟ್ಟು ಪರೀಕ್ಷಿಸುವ ಕೋಣೆಗೆ, ಇಟ್ಟು ವೋಲ್ಟೇಜ್ ಏರಿಸಿದರೆ ಅರ್ಧ ದಾರಿಯಲ್ಲೇ ಢಂ ಎಂದವು. ಹುಣಸೆ ಹುಳಿ ಸರಿಯಾಗಿ ತೊಳೆದು ಹೋಗದೆ ಪೊರೆಯಾಗಿ ಉಳಿದಿತ್ತು. ಒದ್ದೆಯಾದ ಹುಳಿ ಮಸಿಗಿಂತ ಚೆನ್ನಾಗಿ ಕರೆಂಟು ಸಾಗಿಸುತ್ತದೆ. ಆಮೇಲೆ ವರ್ಷಗಟ್ಟಲೆ ಕ್ಯಾಂಟೀನಿನಲ್ಲಿ ಸಾರು ಬಡಿಸುವವನು ನನ್ನ ತಟ್ಟೆಯ ಹತ್ತಿರ ಬಂದಾಗ "ಹುಳಿ ಸಾಕೇನ್ರಿ ಮಲ್ಲೇಶಪ್ಪನೋರೆ?" ಎಂದು ಕೇಳುವುದು ರೂಢಿಯಾಯಿತು. ಆ ತಪ್ಪಿಗೆ ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ನಗಲಾಗದ ತಪ್ಪು ಕೊನೆಯ ವರ್ಷಗಳಲ್ಲಿ ಆಯಿತು. ಅಷ್ಟೊತ್ತಿಗೆ ನಾನೇ ಪರೀಕ್ಷಾ ವಿಭಾಗದ ಮುಖ್ಯಸ್ಥನಾಗಿದ್ದೆ. ಬೇರೆ ಊರಿನ ಸಂಶೋಧನಾ ಸಂಸ್ಥೆಯೊಂದರ ಜೊತೆ ನಮ್ಮ ಸಾಹುಕಾರರು ಒಪ್ಪಂದ ಮಾಡಿಕೊಂಡರು. ಅಲ್ಲಿಂದ ಒಬ್ಬ ವಿಜ್ಞಾನಿ ಬಂದರು. ವಯಸ್ಸು ಮೂವತ್ತೈದು ದಾಟಿರಲಿಲ್ಲ. ಎಲ್ಲರೂ ಅವರನ್ನು ಡಾಕ್ಟರ್ ಮೇಡಂ ಎನ್ನುತ್ತಿದ್ದೆವು. ಅವರು ತಂದದ್ದು ಪಿಂಗಾಣಿ ತಟ್ಟೆಗಳ ಮೇಲೆ ಹಾಕುವ ಒಂದು ಹೊಸ ಲೇಪ: ಸಿಲಿಕೋನ್ ರಬ್ಬರಿನ ದ್ರಾವಣದಲ್ಲಿ ನ್ಯಾನೋ ಇಂಗಾಲ, ಎಂದರೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಣಗಳಾಗಿ ಮಾಡಿದ ಇಂಗಾಲ, ಬೆರೆಸಿದ್ದು. ಜೀವಮಾನವಿಡೀ ಇನ್ಸುಲೇಟರಿನ ಮೇಲಿನ ಮಸಿ ಒರೆಸಿದವನಿಗೆ ಇನ್ನು ಮೇಲೆ ನೀನೇ ಮಸಿ ಬಳಿ ಎಂದಂತಾಯಿತು. ನಾನು ಜೋರಾಗಿ ನಕ್ಕೆ. ಮೇಡಂ ಬೇಜಾರು ಮಾಡಿಕೊಳ್ಳದೆ ವಿವರಿಸಿದರು. ಲೇಪದಲ್ಲಿ ತೀರಾ ಸ್ವಲ್ಪ ಕರೆಂಟು ಹರಿಯಲು ಬಿಟ್ಟರೆ ಮೇಲ್ಮೈ ಉಗುರುಬೆಚ್ಚಗಿರುತ್ತದೆ, ಇಬ್ಬನಿ ನಿಲ್ಲುವುದಿಲ್ಲ, ವೋಲ್ಟೇಜು ಒಂದೇ ಕಡೆ ಒತ್ತದೆ ತಟ್ಟೆಗಳಿಗೆಲ್ಲ ಹಂಚಿಹೋಗುತ್ತದೆ.

ಅದರ ಕಷ್ಟ ಇರುವುದು ಅಳತೆಯಲ್ಲಿ. ಮದುವೆ ಮನೆಯಲ್ಲಿ ಅಡುಗೆಮನೆಯಿಂದ ಪಂಕ್ತಿಯವರೆಗೆ ಜನ ಸಾಲಾಗಿ ನಿಂತು ಎಲೆ ಕಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಕರೆಂಟು ಕಣದಿಂದ ಕಣಕ್ಕೆ ದಾಟುತ್ತದೆ. ಜನ ದೂರ ದೂರ ನಿಂತಿದ್ದರೆ ಕಟ್ಟು ಮುಂದೆ ಹೋಗುವುದೇ ಇಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರೆ ತಡೆಯುವವರೇ ಇಲ್ಲ. ಇಂಗಾಲ ಕಡಿಮೆಯಾದರೆ ಲೇಪ ಹಾಕಿಯೂ ಪ್ರಯೋಜನವಿಲ್ಲ, ಸ್ವಲ್ಪ ಹೆಚ್ಚಾದರೆ ಇನ್ಸುಲೇಟರೇ ಕರೆಂಟು ಸಾಗಿಸುತ್ತದೆ, ಕಾದು ಸುಟ್ಟುಹೋಗುತ್ತದೆ. ಆದ್ದರಿಂದ ಇಂಗಾಲ ಡ್ರಮ್ಮಿನ ತುಂಬ ಒಂದೇ ಸಮನಾಗಿ ಹರಡಿರಬೇಕು. "ಲೇಪ ಹಾಕುವಾಗಲೂ ಕಲಕುವ ಯಂತ್ರ ನಿಲ್ಲಿಸಬೇಡಿ," ಎಂದು ಮೇಡಂ ಹೇಳಿ ಹೋಗಿದ್ದರು.

ಲೇಪದ ಕೆಲಸಕ್ಕೆ ಇದ್ದವಳು ರತ್ನಮ್ಮ. ದಾವಣಗೆರೆ ಪಕ್ಕದ ಶಾಮನೂರಿನವಳು, ನಲವತ್ತೈದರ ಆಸುಪಾಸು, ಗುತ್ತಿಗೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ನಮ್ಮಲ್ಲಿ ದುಡಿದವಳು. ದ್ರಾವಣವನ್ನು ಡ್ರಮ್ಮಿನಲ್ಲಿ ಕಲಕಿ, ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಬಗ್ಗಿಸಿಕೊಂಡು, ಒಂದೊಂದೇ ತಟ್ಟೆಯನ್ನು ಅದ್ದಿ ತೆಗೆಯುವುದು ಅವಳ ಕೆಲಸ. ಅವಳು ಅದ್ದಿದ ತಟ್ಟೆಯ ಮೇಲೆ ಒಂದು ಹನಿ ಇಳಿದ ಗುರುತು ಇರುತ್ತಿರಲಿಲ್ಲ.

ಕೆಲಸ ಶುರುವಾದ ವಾರದಲ್ಲೇ ಲೇಪದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಂಡವು. ಯಂತ್ರ ತಿರುಗುತ್ತಲೇ ಇದ್ದರೆ ದ್ರಾವಣದೊಳಕ್ಕೆ ಗಾಳಿ ಸೇರುತ್ತದೆ. ನಾನು ರತ್ನಮ್ಮನಿಗೆ, ಕಲಕಿಯಾದ ಮೇಲೆ ಯಂತ್ರ ನಿಲ್ಲಿಸಿ ಒಂದು ಗಂಟೆ ಹಾಗೇ ಬಿಟ್ಟು, ಆಮೇಲೆ ಅದ್ದು ಎಂದು ಬಾಯಿಮಾತಿನಲ್ಲಿ ಹೇಳಿದೆ. ಗುಳ್ಳೆ ಮಾಯವಾಯಿತು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. "ಡಾಕ್ಟರಿಗೆ ಗೊತ್ತಾಗದ್ದು ನಮ್ಮ ಮಲ್ಲೇಶಪ್ಪನೋರಿಗೆ ಗೊತ್ತಾತು ನೋಡ್ರಿ," ಎಂದು ಎಲ್ಲರೆದುರಿಗೆ ಹೇಳಿದರು. ನನಗೆ ಅದು ತುಂಬ ಹಿತವಾಗಿತ್ತು.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ಪೂಜೆ ಪೀಸು ಅಂತ ಇತ್ತು. ಯಾವುದೇ ಲಾಟಿನ ಮೊದಲ ಮೂರು ಪೀಸುಗಳಿಗೆ ವಿಭೂತಿ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಿದ್ದರು. ಕುಂಕುಮ ಹತ್ತಿದ ಪೀಸನ್ನು ಗಿರಾಕಿಗೆ ಕಳಿಸಲು ಬರುವುದಿಲ್ಲ, ಹಾಗಾಗಿ ಅವೇ ಮೂರು ಪೀಸು ತೊಳೆದು ಪರೀಕ್ಷೆಗೆ ನನ್ನ ಹತ್ತಿರ ಬರುತ್ತಿದ್ದವು. ಬರೀ ಪಿಂಗಾಣಿಯ ಕಾಲದಿಂದ ನಡೆದುಬಂದ ರೂಢಿ. ಸುಡುವ ಗೂಡಿನಿಂದ ಬಂದ ಪಿಂಗಾಣಿಯಲ್ಲಿ ಮೊದಲಿನದು, ಕೊನೆಯದು ಎಂದು ಅಂಥ ವ್ಯತ್ಯಾಸವಿರಲಿಲ್ಲ. ಹೊಸ ಲೇಪ ಬಂದಾಗ ಈ ರೂಢಿ ಇನ್ನು ಸರಿಹೋಗುತ್ತದೆಯೇ ಎಂದು ಯಾರೂ ಯೋಚಿಸಲಿಲ್ಲ. ಯೋಚಿಸಬೇಕಾದವನು ನಾನೇ. ಯಾವ ಲಾಟು ಬಂದರೂ ಡ್ರಮ್ಮಿನ ಮೇಲ್ಭಾಗದ ದ್ರಾವಣದಲ್ಲಿ ಅದ್ದಿದ ಮೂರು ಪೀಸು ನೋಡಿ ರಿಜಿಸ್ಟರಿನಲ್ಲಿ ಸರಿಯಿದೆ ಎಂದು ಬರೆಯುತ್ತ ಹೋದೆ.

ಒಂದು ಮಧ್ಯಾಹ್ನ ರತ್ನಮ್ಮ ಒಂದು ತಟ್ಟೆಯನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಕೋಣೆಗೆ ಬಂದಳು.

"ಸಾರ್, ಇದನ್ನ ಒಂಚೂರು ನೋಡ್ರಿ. ಡ್ರಮ್ಮಿನ ತಳದ ಮಾಲು. ಮೇಲಿಂದು ಬ್ಯಾರೆ, ತಳದ್ದು ಬ್ಯಾರೆ ಐತ್ರಿ."

"ನೋಡಾಕ ಎರಡೂ ಒಂದೇ ಕರ್ರಗೆ ಅದಾವೆ. ನಿನಗೆ ಹೆಂಗೆ ಗೊತ್ತಾತಮ್ಮ?"

"ಕೈಗೆ ಗೊತ್ತಾಗ್ತೈತ್ರಿ. ತಳದ್ದು ಅದ್ದಿ ತೆಗೆದ್ರೆ ಎಳೀತೈತೆ. ಅಂಬಲಿ ಬಿಟ್ರೆ ಹಿಟ್ಟು ತಳಕ್ಕೆ ಇಳಿಯಲ್ಲೇನ್ರಿ, ಹಂಗೆ ಇಳೀತೈತೆ. ಮಿಷನ್ ನಿಲ್ಲಿಸಬಾರ್ದು ಅನಿಸ್ತೈತ್ರಿ ನನಗೆ."

ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಮೆಗ್ಗರ್ ಹಚ್ಚಿದೆ. ಕರೆಂಟನ್ನು ವಸ್ತು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ತೋರಿಸುವ ಉಪಕರಣ ಅದು. ಮುಳ್ಳು ಇರಬೇಕಾದ ಜಾಗಕ್ಕಿಂತ ಬಹಳ ಕೆಳಗೆ ಬಂದು ನಿಂತಿತು. ಎರಡನೇ ಸಲ ಹಚ್ಚಿದೆ. ಅಲ್ಲೇ ನಿಂತಿತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಗಿತ್ತು. ಯಂತ್ರ ನಿಲ್ಲಿಸಿದ್ದರಿಂದ ಇಂಗಾಲ ತಳಕ್ಕೆ ಇಳಿದಿದೆ, ನಿಲ್ಲಿಸಲು ಹೇಳಿದವನು ನಾನು, ಅದಕ್ಕೇ ನನ್ನ ಬೆನ್ನು ತಟ್ಟಿದ್ದಾರೆ. ಇದನ್ನು ಒಪ್ಪಿಕೊಂಡರೆ ಆಗಲೇ ತಯಾರಾಗಿ ನಿಂತಿದ್ದ ಮಾಲನ್ನೆಲ್ಲ ತಡೆಯಬೇಕು, ಮೇಡಂಗೆ ಫೋನು ಮಾಡಿ ನೀವು ಹೇಳಿದ್ದನ್ನು ಮೀರಿದೆ ಎನ್ನಬೇಕು.

"ಬೆವರಿನ ಕೈಯಲ್ಲಿ ಹಿಡ್ಕೊಂಡು ಬಂದಿದೀಯ, ಅದಕ್ಕೆ ಹಿಂಗೆ ತೋರಿಸ್ತೈತೆ. ತಿರುವೋದು ನಿನ್ನ ಕೆಲಸ, ಅಳೆಯೋದು ನಮ್ಮ ಕೆಲಸ. ಹೋಗಮ್ಮ," ಎಂದೆ.

ಅವಳು ಮೆಗ್ಗರಿನ ಮುಳ್ಳನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಎತ್ತಿಕೊಂಡು ಹೋದಳು. ಅಳತೆಯನ್ನು ನಾನು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಆ ಪೀಸಿಗೆ ಪರೀಕ್ಷೆಯ ಚೀಟಿ ಇರಲಿಲ್ಲ, ಚೀಟಿಯಿಲ್ಲದ್ದನ್ನು ಬರೆಯುವ ನಿಯಮವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾಲು ಲಾರಿ ಹತ್ತಿತು.

ಹರಿಹರದಾಚೆ ಹೊಳೆಯ ಪಕ್ಕದಲ್ಲಿ ಹಾದುಹೋಗುವ ಒಂದು ಲೈನಿಗೆ ಪ್ರಯೋಗಕ್ಕೆಂದು ಅವನ್ನು ಕಟ್ಟಿದರು. ಬೇಸಿಗೆ, ಮಳೆ ಎರಡೂ ಸುಖವಾಗಿ ಕಳೆದವು. ಮಾರ್ಗಶಿರದ ಇಬ್ಬನಿ ಶುರುವಾದಾಗ ಕೆಲವು ತಟ್ಟೆಗಳು ಕಾದು ಲೇಪ ಸುಟ್ಟು ಸುಲಿದುಬಂತು. ಒಂದು ಬೆಳಿಗ್ಗೆ ಒಂದು ಸರ ಪೂರ್ತಿ ಕೈಕೊಟ್ಟು ಲೈನು ಬಿತ್ತು. ದೇವರು ದೊಡ್ಡವನು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಸುತ್ತಮುತ್ತಲಿನ ಊರುಗಳಿಗೆ ಒಂದು ದಿನ ಕರೆಂಟು ಇರಲಿಲ್ಲ, ಅಷ್ಟೆ. ಸುಟ್ಟ ತಟ್ಟೆಗಳನ್ನು ಬಿಚ್ಚಿ ನಮ್ಮ ಕಾರ್ಖಾನೆಗೆ ತಂದು ಸುರಿದರು.

ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಡಾಕ್ಟರ್ ಮೇಡಂ ಬಂದಿದ್ದರು. ಅವರು ಸುಟ್ಟ ತಟ್ಟೆಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಲೇಪ ಹಾಕುವಾಗ ಕಲಕೋದು ನಿಲ್ಲಿಸಿದ್ರಾ?"

ಬಾಗಿಲ ಹತ್ತಿರ ನಿಲ್ಲಿಸಿದ್ದ ರತ್ನಮ್ಮ ತಕ್ಷಣ ಹೇಳಿದಳು: "ಹೌದ್ರಿ ಮೇಡಂ. ಸಾರೇ ನಿಲ್ಲಿಸು ಅಂದಿದ್ರು. ತಳದ್ದು ಬ್ಯಾರೆ ಬರ್ತೈತೆ ಅಂತ ನಾನು ತಂದು ತೋರಿಸಿದ್ದೆ. ಅಳೆದೂ ನೋಡಿದ್ರು."

ಮ್ಯಾನೇಜರು ನನ್ನ ಕಡೆ ತಿರುಗಿದರು. "ಹೌದೇನ್ರಿ ಮಲ್ಲೇಶಪ್ಪನೋರೆ?"

ನನ್ನ ಮುಂದೆ ರಿಜಿಸ್ಟರು ಇತ್ತು. ಅದರ ಮೇಲೆ ಕೈಯಿಟ್ಟುಕೊಂಡು ನಾನು ಹೇಳಿದೆ: "ನನ್ನ ರಿಜಿಸ್ಟರಿನಲ್ಲಿ ಅಂಥದ್ದು ಏನೂ ಇಲ್ಲ ಸಾರ್."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಓದುತ್ತಿರುವ ಮಕ್ಕಳೇ, ಇದನ್ನು ಗಮನಿಸಿ. ನಮ್ಮ ವೃತ್ತಿಯಲ್ಲಿ ಒಂದೂ ಸುಳ್ಳಾಡದೆ ಒಬ್ಬರ ಬಾಳು ಕೆಡಿಸಲು ಬರುತ್ತದೆ. ರತ್ನಮ್ಮ ನನ್ನ ಮುಖ ನೋಡಿದಳು. ಕೂಗಾಡಲಿಲ್ಲ. "ಸಾರ್?" ಎಂದಳು, ಅಷ್ಟೆ. ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಕಲಕುವುದನ್ನು ತಾನಾಗಿಯೇ ನಿಲ್ಲಿಸಿ ಮಾಲು ಕೆಡಿಸಿದಳು ಎಂದು ತೀರ್ಮಾನವಾಯಿತು. ಮಾರನೇ ದಿನದಿಂದ ಬರುವುದು ಬ್ಯಾಡ ಎಂದು ಗುತ್ತಿಗೆದಾರನ ಕಡೆಯಿಂದ ಹೇಳಿಸಿದರು.

ಮುಂದಿನ ತಿಂಗಳು ನಾನೊಬ್ಬನೇ ನಿಂತು, ಯಂತ್ರ ನಿಲ್ಲಿಸಿ ಬಿಟ್ಟ ಒಂದು ಡ್ರಮ್ಮಿನ ಮೊದಲ, ನಡುವಿನ, ಕೊನೆಯ ಪೀಸುಗಳನ್ನು ಅಳೆದೆ. ಅವಳ ಕೈ ಹೇಳಿದ್ದನ್ನೇ ಮೆಗ್ಗರ್ ಹೇಳಿತು. ಗಾಳಿ ಸೇರದಂತೆ ತಳದಲ್ಲಿ ನಿಧಾನಕ್ಕೆ ತಿರುಗುವ ಯಂತ್ರ ತರಿಸಿದೆ. ಪ್ರತಿ ಡ್ರಮ್ಮಿನ ಕೊನೆಯ ಪೀಸನ್ನು ಕಡ್ಡಾಯವಾಗಿ ಪರೀಕ್ಷಿಸಬೇಕು ಎಂದು ನಿಯಮ ಮಾಡಿದೆ. ಪೂಜೆ ಪೀಸು ಪೂಜೆಗಷ್ಟೇ ಉಳಿಯಿತು. ಮಾಲು ಚೆನ್ನಾಗಿ ಬರತೊಡಗಿತು. ಮ್ಯಾನೇಜರು ಆ ನಿಯಮದ ಹಾಳೆಯ ಮೇಲೆ 'ಮಲ್ಲೇಶಪ್ಪ ಪದ್ಧತಿ' ಎಂದು ಬರೆಸಿ ಲೇಪದ ಕೋಣೆಯ ಗೋಡೆಗೆ ಅಂಟಿಸಿದರು. ಬ್ಯಾಡ ಎನ್ನಲು ಬಾಯಿ ತೆರೆದವನು ಥ್ಯಾಂಕ್ಸ್ ಸಾರ್ ಎಂದೆ.

ನಿವೃತ್ತನಾದ ಮೇಲೆ ಆ ಹಾಳೆ ನನ್ನನ್ನು ಕಾಡತೊಡಗಿತು. ಹೋದ ವರ್ಷ ಕಾರ್ಖಾನೆಗೆ ಪತ್ರ ಬರೆದು, ಈ ಪದ್ಧತಿಯನ್ನು ಮೊದಲು ಹೇಳಿದವಳು ರತ್ನಮ್ಮ, ಅವಳ ಹೆಸರು ಹಾಕಿ, ಅವಳ ಮೇಲಿನ ದೂರು ತಪ್ಪು ಎಂದು ದಾಖಲು ಮಾಡಿ ಎಂದು ಕೇಳಿದೆ. ಹೊಸ ಮ್ಯಾನೇಜರು ಬಹಳ ಗೌರವದಿಂದ ಉತ್ತರ ಕೊಟ್ಟರು. ಆ ಹೆಸರಿನ ಕಾರ್ಮಿಕರು ನಮ್ಮ ದಾಖಲೆಯಲ್ಲಿ ಯಾರೂ ಇಲ್ಲ ಎಂದಿದ್ದರು. ಗುತ್ತಿಗೆಯವರ ಹೆಸರು ನಮ್ಮ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಅದು ಗೊತ್ತಿದ್ದೂ ಪತ್ರ ಬರೆದು ಕೈತೊಳೆದುಕೊಳ್ಳಲು ನೋಡಿದ್ದೆ.

ಕೊನೆಗೆ ಸ್ಕೂಟರು ಹತ್ತಿ ಶಾಮನೂರಿಗೆ ಹೋದೆ. ಹೊಸ ಬಡಾವಣೆಗಳ ಹಿಂದೆ ಹಳೇ ಊರಿನ ಓಣಿಯಲ್ಲಿ ಅವಳ ಮನೆ. ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು.

"ಬರ್ರಿ ಸಾರ್, ಕೂಡ್ರಿ. ಆರಾಮ ಇದೀರೇನ್ರಿ?"

ನಾನು ಕೂರದೆ ನಿಂತಲ್ಲೇ ಹೇಳಿಬಿಟ್ಟೆ. ಮಾಲು ಕೆಟ್ಟದ್ದು ನಿನ್ನಿಂದಲ್ಲ, ನನ್ನಿಂದ. ನೀನು ಹೇಳಿದ್ದು ಸರಿಯಾಗಿತ್ತು. ಅವತ್ತೇ ನನಗೆ ಗೊತ್ತಿತ್ತು. ಅವಳು ಮೊರದಲ್ಲಿದ್ದ ಅಕ್ಕಿಯನ್ನು ಒಂದು ಕಡೆಗೆ ಸರಿಸಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು.

"ಏನ್ರೀ, ಒಂಚೂರು ಹೊರಗೆ ಬರ್ರಿ. ಇವಳೇ, ನೀನೂ ಬಾರವ್ವ."

ಗಂಡ ಹನುಮಂತಪ್ಪ ಬಂದ, ಹಿಂದೆ ಸೊಸೆ ಬಂದಳು. "ಸಾರ್, ಈಗ ಹೇಳಿದ್ರಲ್ಲ, ಅದನ್ನ ಇವರೆದುರಿಗೂ ಒಂದ್ಸಲ ಹೇಳಿಬಿಡ್ರಿ," ಎಂದಳು. "ಅನ್ನ ಒಂಚೂರು ತಳ ಹಿಡೀಲಿ, ತಿರುವಾಕ ಬರಲ್ಲ ಅಂತಾನೇ ಫ್ಯಾಕ್ಟ್ರಿಯೋರು ಓಡಿಸಿದ್ದು ಅಂತಾರೆ ಈ ಮನೇಲಿ. ಆಮೇಲೆ ಹರಿಹರದಾಗೆ ಯಾವ ಫ್ಯಾಕ್ಟ್ರಿಯೋರೂ ಕರೀಲಿಲ್ಲ ನನ್ನ."

ಮತ್ತೆ ಹೇಳಿದೆ. ಮೊದಲಿಂದ, ಒಂದೂ ಬಿಡದೆ. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಹನುಮಂತಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೂ ನನ್ನ ವಯಸ್ಸೇ ಇರಬೇಕು.

"ಅವತ್ತೇ ಯಾಕ ಹೇಳ್ಲಿಲ್ರಿ ನೀವು?" ಎಂದ.

"ಹೆದರಿದೆ."

"ಯಾಕ ಹೆದರಿದ್ರಿ? ನಿಮ್ಮನ್ನೂ ಕೆಲಸದಿಂದ ತೆಗೀತಿದ್ರೇನು?"

ಈ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ನನಗೆ ನಾನೇ ಕೇಳಿಕೊಂಡಿರಲಿಲ್ಲ. ನಾನು ಖಾಯಂ ನೌಕರ, ಹಳಬ, ಸಾಹುಕಾರರಿಗೆ ಬೇಕಾದವನು. ನನ್ನನ್ನು ತೆಗೆಯುವ ಮಾತೇ ಇರಲಿಲ್ಲ.

"ಇಲ್ಲಪ್ಪ. ತೆಗೀತಿರಲಿಲ್ಲ," ಎಂದೆ.

"ಮತ್ತೆ?"

"ಬೈತಿದ್ರು. ಎಲ್ಲರೆದುರಿಗೆ ಒಂದು ಮಾತು ಬೈತಿದ್ರು."

ಹನುಮಂತಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಷ್ಟೇ ಏನ್ರಿ ಸಾರ್?" ಎಂದಳು.

"ಅಷ್ಟೇ ರತ್ನಮ್ಮ," ಎಂದೆ.